ಹತ್ತು ದಿನದ ಮೌನಕ್ಕೆ ಮುನ್ನ

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಅಡಿಕೆ ತೋಟ, ಸೊಪ್ಪಿನಬೆಟ್ಟಗಳ ನಡುವೆ ನಮ್ಮ ಉಮ್ಮಚಗಿ. ಇಂಥ ಊರಿನವಳಿಗೆ ಮೌನ ಕಲಿಯಲು ಬೆಂಗಳೂರೇ ಬೇಕೇ ಅಂತ ನೀವು ನಗಬಹುದು. ಆದರೆ ಸೋದರಿಯರೇ, ಊರು ಸುಮ್ಮನಿದ್ದರೆ ಮನೆ ಸುಮ್ಮನಿರುತ್ತದೆಯೇ? ಕೊಟ್ಟಿಗೆಯಿಂದ ಒಂದು ಕೂಗು, ಅಡುಗೆಮನೆಯಿಂದ ಇನ್ನೊಂದು; ಅಡಿಕೆ ಸುಲಿಯುವ ರಾತ್ರಿಗಳಲ್ಲಂತೂ ಮಾತೇ ಮಾತು!

'ಧಮ್ಮ ಪಫುಲ್ಲ'ದ ವಿಪಶ್ಯನ ಶಿಬಿರಕ್ಕೆ ಹೊರಡುವವರು ತಿಳಿದಿರಿ: ಬೆಳಗಿನ 4 ಗಂಟೆಗೆ ಏಳಬೇಕು. ಫೋನು, ಪುಸ್ತಕ, ಪೆನ್ನು ಇಲ್ಲ. ಹತ್ತನೆಯ ದಿನದವರೆಗೆ ಜೊತೆಯವರೊಡನೆ ಮಾತಿಲ್ಲ, ಸನ್ನೆಯೂ ಇಲ್ಲ. ಸಂಶಯ ಬಂದರೆ ಆಚಾರ್ಯರನ್ನು ಕೇಳಬಹುದು. ಹೆಂಗಸರಿಗೆ ವಸತಿ ಬೇರೆ. ಶುಲ್ಕವಿಲ್ಲ, ಕೊನೆಗೆ ಇಷ್ಟವಿದ್ದಷ್ಟು ದಾನ. ಕಾಯಿಲೆ, ಔಷಧಿಗಳಿದ್ದರೆ ಅರ್ಜಿಯಲ್ಲೇ ಬರೆಯಿರಿ. ಸಂಜೆ ಹೊಸಬರಿಗೆ ಚಹಾ, ಹಣ್ಣು ಅಷ್ಟೇ. ಆದ್ದರಿಂದ ವಾರ ಮೊದಲೇ ರಾತ್ರಿಯೂಟ ಹಗುರ ಮಾಡಿ.

ಬಟ್ಟೆ ಕಟ್ಟುವುದು ಸುಲಭ, ಮನಸ್ಸು ಕಟ್ಟುವುದೇ ಕಷ್ಟ. ಹಾಲು ಕರೆಯುವವರಾರು, ಅತ್ತೆಯ ಮಾತ್ರೆ ಕೊಡುವವರಾರು ಎಂದು ಎರಡು ಸಲ ಅರ್ಜಿ ಮಡಚಿಟ್ಟೆ. ಮೊನ್ನೆ ಅತ್ತೆಯೇ ಅಂದರು, "ಹೋಗ್ಬಾ ತಂಗಿ, ತಂಬ್ಳಿ ಮಾಡಲೆ ಯಂಗೂ ಬತ್ತು."

ಸಮಾಧಾನವಾಗಬೇಕಿತ್ತು, ಯಾಕೋ ಚುರುಕ್ಕೆಂದಿತು. ನಾನಿಲ್ಲದೆ ಮನೆ ನಡೆಯದೆಂಬ ಹೆಮ್ಮೆ ಅಲ್ಲಿ ಅಡಗಿತ್ತು. ಮೊದಲು ಸುಮ್ಮನಾಗಬೇಕಾದ ಮಾತು ಅದೇ ಅಲ್ಲವೇ?