ಬೆರಳಿಡುವಷ್ಟು ಜಾಗ

1977ರಲ್ಲಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಪ್ರೂಫ್ ನೋಡಿ ಬೇಜಾರಾದರು. ಅಕ್ಷರಗಳು ಕಣ್ಣಿಗೆ ಹಿಡಿಸಲಿಲ್ಲ. ನಾವಾಗಿದ್ರೆ ಪ್ರೆಸ್ಸಿನವರಿಗೆ ನಾಲ್ಕು ಮಾತು ಬೈದು ಸುಮ್ಮನಾಗ್ತಿದ್ವಿ. ಅವರು ಪುಟ ಜೋಡಿಸೋಕೆ ಟೆಕ್, ಅಕ್ಷರ ರೂಪಿಸೋಕೆ ಮೆಟಾಫಾಂಟ್ ಅಂತ ಎರಡು ಪ್ರೋಗ್ರಾಂ ಬರೆಯೋಕೆ ಕೂತರು. ಒಂದು ವರ್ಷದ ರಜೆಯಲ್ಲಿ ಮುಗಿಯುತ್ತೆ ಅಂದುಕೊಂಡಿದ್ದು ಹತ್ತು ವರ್ಷ ಎಳೆಯಿತು.

ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇರೋದು ಅದರ ಮರಿ, ಝೀಟೆಕ್. ಇದಕ್ಕೆ ಯೂನಿಕೋಡ್ ಬರುತ್ತೆ. ಸಿಸ್ಟಮಿನಲ್ಲಿರೋ ಫಾಂಟನ್ನು ಹೆಸರು ಹೇಳಿ ಕರೆದರೆ ಸಾಕು. ನಾನು ನೋಟೋ ಸೆರಿಫ್ ಕನ್ನಡ ಅಂತ ಬರೆದು, ಪಕ್ಕದಲ್ಲೇ ಲಿಪಿ ಕನ್ನಡ ಅಂತಲೂ ಹೇಳ್ತೀನಿ. ಯಾಕಂದ್ರೆ ಫಾಂಟಿನೊಳಗೆ ಅಕ್ಷರದ ಚಿತ್ರಗಳ ಜತೆ, ಯಾವುದು ಯಾವುದರ ಕೆಳಗೆ ಕೂರಬೇಕು ಅನ್ನೋ ನಿಯಮಗಳೂ ಇರ್ತವೆ. ಆ ನಿಯಮಗಳು ಓಡದಿದ್ದರೆ 'ಅಮ್ಮ' ಹೋಗಿ 'ಅಮ್‌ಮ' ಆಗುತ್ತೆ.

ಇಷ್ಟೆಲ್ಲ ಮಾಡಿದ್ದೂ ಅಮ್ಮನಿಗೋಸ್ಕರವೇ. ಅವಳು ಹೇಳೋ ಸೋಬಾನೆ ಪದಗಳನ್ನು ಫೋನಲ್ಲಿ ರೆಕಾರ್ಡ್ ಮಾಡಿ, ಟೈಪ್ ಮಾಡಿ, ಒಂದು ಪುಸ್ತಕ ಮಾಡ್ತಿದ್ದೆ. ಅಮ್ಮ ಓದಿರೋದು ಮೂರನೇ ಕ್ಲಾಸು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದ್ತಾಳೆ. ಮೊದಲ ಪ್ರಿಂಟ್ ಕೊಟ್ಟಾಗ ಎರಡು ಸಾಲು ಓದಿ ಕೆಳಗಿಟ್ಟಳು. "ಸಂತೇಲಿ ನಿಂತಂಗೆ ನಿಂತವೆ ಕಣೋ. ಬೆರಳಿಕ್ಕಕ್ಕೆ ಜಾಗ ಎಲ್ಲೈತೆ?"

ಅವಳು ಹೇಳಿದ್ದು ನಿಜ. ಲೇಟೆಕ್ ತಾನಾಗೇ ಕೊಡೋದು 10 ಪಾಯಿಂಟ್ ಅಕ್ಷರ, ಸಾಲಿಂದ ಸಾಲಿಗೆ 12 ಪಾಯಿಂಟ್. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮದರಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 'ಸ್ತ್ರೀ' ಬಂದರೆ ಎರಡೆರಡು ಒತ್ತು. ಒಂದಕ್ಕೊಂದು ತಾಗುತ್ತೆ ಅನ್ನೋವಾಗ ಟೆಕ್ ಕೆಳಗಿನ ಸಾಲನ್ನು ಚೂರೇ ಚೂರು ತಳ್ಳುತ್ತೆ. ಹಾಗಾಗಿ ಸಾಲುಗಳ ಅಂತರ ಒಂದೊಂದು ಕಡೆ ಒಂದೊಂದು ಥರ.

ಅಕ್ಷರ 16, ಸಾಲು 28 ಮಾಡಿದೆ. 40 ಪುಟ ಇದ್ದದ್ದು 90 ದಾಟಿತು. ಜೆರಾಕ್ಸ್ ಅಂಗಡಿಯವನು "ಪೇಪರ್ ಸುಮ್ನೆ ದಂಡ ಸಾರ್" ಅಂದ. ನಾನು ಒಂದು ಪಾಯಿಂಟೂ ಇಳಿಸಲಿಲ್ಲ.

ಈ ಸಲ ಅಮ್ಮನ ಬೆರಳು ಎಲ್ಲೂ ನಿಲ್ಲಲಿಲ್ಲ. ಬಾಯಿಪಾಠ ಇರೋ ಪದವನ್ನೇ ಯಾರೋ ಹೊಸದಾಗಿ ಹೇಳಿಕೊಟ್ಟಂಗೆ ಓದಿದಳು. ಹೆಣ್ಣು ಒಪ್ಪಿಸೋ ಪದದ ಹತ್ರ ಬಂದು, "ಇದು ನಮ್ಮವ್ವಂದು. ಅವ್ವನ ಹೆಸ್ರು ಹಾಕಕ್ಕೆ ಜಾಗ ಐತಾ?" ಅಂತ ಕೇಳಿದಳು.

ಅಜ್ಜಿಗೆ ಓದು ಬರ್ತಿರಲಿಲ್ಲ. ಅವಳ ಹೆಸರು ಅಚ್ಚಾಗಿದ್ದು ಅದೇ ಮೊದಲು, 16 ಪಾಯಿಂಟಿನಲ್ಲಿ.