ಸುಳಿ: ನೀರಿನದು, ಗಾಳಿಯದು

ಕನ್ನಡದ ‘ಸುಳಿ’ಗೆ ಅರ್ಥಗಳು ಹಲವು. ಮಡುವಿನಲ್ಲಿ ಸುತ್ತುವ ನೀರು ಸುಳಿ. ಬಾಳೆಯಿಂದ ಸುತ್ತಿಕೊಂಡೇ ಹೊರಬರುವ ಎಳೆಯ ಎಲೆ ಸುಳಿ. ಮಗುವಿನ ನೆತ್ತಿಯ ಕೂದಲಿನಲ್ಲಿರುವುದೂ ಸುಳಿ. ಕ್ರಿಯಾಪದವಾದಾಗ ಅದು ಗಾಳಿಗೂ ಸಲ್ಲುತ್ತದೆ: ತಂಗಾಳಿ ಸುಳಿಯುತ್ತದೆ. ಹಳಗನ್ನಡದಲ್ಲಿ ‘ಸುೞಿ’ಯಾಗಿದ್ದ ಪದವೇ ತೆಲುಗಿನಲ್ಲಿ ‘ಸುಡಿ’. ಎರಡೂ ನುಡಿಗಳು ಬೆರೆತ ಲೇಪಾಕ್ಷಿಯ ಸೀಮೆಗೆ ಸುಳಿಗಾಳಿಯೂ ಸುಡಿಗಾಲಿಯೂ ಒಂದೇ.

ನೀರಿನ ಸುಳಿಗೂ ಗಾಳಿಗೂ ಇರುವ ನಂಟು ಪದದಲ್ಲಿ ಮಾತ್ರ ಇರುವುದಲ್ಲ. ಬಂಗಾಳ ಕೊಲ್ಲಿಯಲ್ಲಿ ನೂರಾರು ಕಿಲೋಮೀಟರ್ ಅಗಲದ ಬೆಚ್ಚನೆಯ ಸುಳಿಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಿರುಗುತ್ತಿರುತ್ತವೆ. ನಮ್ಮ ಉತ್ತರಾರ್ಧಗೋಳದಲ್ಲಿ ಅವು ಸುತ್ತುವುದು ದೇವಾಲಯದ ಪ್ರದಕ್ಷಿಣೆಯ ದಿಕ್ಕಿನಲ್ಲೇ. ಅವು ದೋಣಿಯನ್ನು ನುಂಗುವ ಸುಳಿಗಳಲ್ಲ. ಕಣ್ಣಿಗೆ ಕಾಣುವುವೂ ಅಲ್ಲ. ನಡುವೆ ಕಡಲು ತುಸು ಉಬ್ಬಿರುವುದರಿಂದ ಉಪಗ್ರಹಗಳು ಅವುಗಳನ್ನು ಗುರುತಿಸುತ್ತವೆ.

ಇಂತಹ ಸುಳಿಯ ಮೇಲಿನ ಗಾಳಿ ಕಾದು ಮೇಲೇರುತ್ತದೆ. ಎತ್ತರದ ವೇಗದ ಗಾಳಿ ಕೆಳಗಿಳಿಯುತ್ತದೆ. ಆದ್ದರಿಂದ ಕಡಲ ಮೈಯನ್ನು ಸವರುವ ಗಾಳಿ ಬಿರುಸಾಗುತ್ತದೆ, ಆವಿ ಹೆಚ್ಚುತ್ತದೆ, ಮೋಡ ದಟ್ಟವಾಗುತ್ತದೆ. ಚಂಡಮಾರುತವು ಸಾಮಾನ್ಯವಾಗಿ ಆಳದ ತಣ್ಣೀರನ್ನು ಕಡೆದು ಮೇಲೆ ತಂದು ತಾನೇ ಸೊರಗುತ್ತದೆ. ಬೆಚ್ಚನೆಯ ಸುಳಿಯಲ್ಲಾದರೋ ಕಡೆದಷ್ಟೂ ಬಿಸಿನೀರೇ; ಬಿರುಗಾಳಿಗೆ ಉಣಿಸು ಮುಗಿಯುವುದಿಲ್ಲ. 2009ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಕರಾವಳಿಯನ್ನು ಅಪ್ಪಳಿಸಿದ ‘ಐಲಾ’ ಹಾದಿಯಲ್ಲಿ ಇಂತಹ ಸುಳಿಯನ್ನು ದಾಟಿ ಬಲಿತಿತ್ತೆಂದು ವಿಜ್ಞಾನಿಗಳು ಗುರುತಿಸಿದ್ದಾರೆ.

ಕಡಲಿನಿಂದ 250 ಕಿಲೋಮೀಟರಿಗೂ ದೂರದ, ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಈ ಬೆಂಗಾಡಿಗೆ ಅದರ ಗೊಡವೆಯೇಕೆ? 2021ರ ನವೆಂಬರ್ 19ರಂದು ಚೆನ್ನೈ ಬಳಿ ಕರೆ ಸೇರಿದ ವಾಯುಭಾರ ಕುಸಿತದಿಂದ ರಾಯಲಸೀಮೆಯಲ್ಲಿ ಭಾರೀ ಮಳೆ ಸುರಿದು ಚಿತ್ರಾವತಿ ಉಕ್ಕಿ ಹರಿಯಿತು. ಒಂದೊಂದು ಮಳೆಯನ್ನೂ ಒಂದೊಂದು ಸುಳಿಯ ಲೆಕ್ಕಕ್ಕೆ ಬರೆಯಲಾಗದು. ಆದರೆ ಹಿಂಗಾರಿನಲ್ಲಿ ಈ ನೆಲದ ಆಕಾಶವನ್ನು ಕವಿಯುವ ಮೋಡಗಳ ಬೇರು ಆ ಕೊಲ್ಲಿಯ ಬಿಸಿಯಲ್ಲಿದೆ.

ಆ ಮೋಡವೇ ಕೆರೆ ತುಂಬಿಸುತ್ತದೆ. ಕಿತ್ತು ಹೊಲದಲ್ಲಿ ಒಣಹಾಕಿದ ಕಡಲೆಕಾಯಿಯನ್ನು ಕೊಳೆಸುವುದೂ ಅದೇ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಕಡಲಿನ ಒಡಲ ಬಿಸಿಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಅರ್ಥ ಹೊಲದ ಬದುವಿಗೆ ಎರಡು ದಿನ ಮೊದಲೇ, ರೈತನಿಗೆ ತಿಳಿಯುವ ನುಡಿಯಲ್ಲಿ ತಲುಪಿದರೆ ಬೆಳೆ ಮನೆ ಸೇರುತ್ತದೆ. ಅದಕ್ಕೆ ಬೇಕಾದ ಪದ ಕನ್ನಡದಲ್ಲಿ ಎಂದಿನಿಂದಲೂ ಇದೆ. ಅದನ್ನು ಬಳಸಿ ಬರೆಯಬಲ್ಲವರು ಬೇಕಾಗಿದ್ದಾರೆ.