ಒಂಟಿ ಎಳೆಯ ಪಾಠ

ಯುಗಾದಿ ಕಳೆದು ನಾಲ್ಕಾರು ದಿನಗಳಾಗಿದ್ದವು. ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ನನ್ನ ಹಳೆಯ ಶಿಷ್ಯನೊಬ್ಬ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಕೆಂಚಾರ್ಲಹಳ್ಳಿಯ ಆಸುಪಾಸಿನವನೇ. ಹೆಸರು ಬೇಡ, ಅವನ ಜೊತೆ ಓದಿದವರಿಗೆ ಯಾರೆಂಬುದು ತಾನಾಗಿಯೇ ತಿಳಿದೀತು. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳುಮನೆ, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಬೋರ್‌ವೆಲ್. ನಮ್ಮ ಕಡೆಯ ರೈತನ ಆಸ್ತಿ ಇಷ್ಟೇ ಅಲ್ಲವೆ?

"ಸಾರ್, ನೀವೇ ಇವಳಿಗೆ ಬುದ್ಧಿ ಹೇಳಬೇಕು" ಎಂದ. ಹುಡುಗಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಮುಗಿಸಿದ್ದಾಳೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿದೆ. ಅದನ್ನು ಬಿಟ್ಟು ಪಿಎಚ್.ಡಿ. ಮಾಡುತ್ತೇನೆಂದು ಹಠ ಹಿಡಿದಿದ್ದಾಳೆ. ಇನ್ನೂ ಐದು ವರ್ಷ ಓದು ಎಂದರೆ ಮದುವೆ ಯಾವಾಗ, ತೋಟದ ಸಾಲ ತೀರುವುದು ಯಾವಾಗ? ಇದು ಅವನ ಚಿಂತೆ. ಕೊನೆಯಲ್ಲಿ ಒಂದು ಮಾತು ಸೇರಿಸಿದ: "ಸಂಶೋಧನೆ ಎಲ್ಲ ಉಳ್ಳವರ ಮಕ್ಕಳಿಗಪ್ಪ, ನೀನು ಮನೆ ಕಡೆ ನೋಡು ಅಂತ ಆವತ್ತು ನೀವೇ ಹೇಳಿದ್ದಿರಲ್ಲ ಸಾರ್."

ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಗುರುವಾಕ್ಯವೆಂಬ ಗೌರವವೇ ಇತ್ತು. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಅದು ೧೯೯೬. ನಮ್ಮದು ಆಗಿನ್ನೂ ಕೋಲಾರ ಜಿಲ್ಲೆ. ಚಿಂತಾಮಣಿಯಲ್ಲಿ ಬಿ.ಎಸ್ಸಿ. ಮುಗಿಸಿದ ಈತ, ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಸೇರಲೇ, ಮುಂದೆ ಸಂಶೋಧನೆ ಮಾಡಲಾದೀತೇ ಎಂದು ಕೇಳಲು ಬಂದಿದ್ದ. ನಾನು ಎಲ್ಲವನ್ನೂ ಬಲ್ಲವನಂತೆ ಉತ್ತರ ಕೊಟ್ಟಿದ್ದೆ. ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ. ನಡೆಸುವ ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಸರ್ಕಾರವೇ ತಿಂಗಳು ತಿಂಗಳು ಹಣ ಕೊಟ್ಟು ಸಂಶೋಧನೆ ಮಾಡಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ನಾನು ಬಿ.ಎಸ್ಸಿ. ಆದ ಕೂಡಲೇ ಬಿ.ಎಡ್. ಮಾಡಿದ್ದು ಬೇಗ ಸಂಬಳ ಬರುತ್ತದೆಂಬ ಕಾರಣಕ್ಕೆ. ನನ್ನ ಅಂಜಿಕೆಯನ್ನೇ ಅವನಿಗೆ ಬುದ್ಧಿವಾದವೆಂದು ಕೊಟ್ಟು ಕಳುಹಿಸಿದ್ದೆ.

ಮಾತು ಹೊರಳಿಸಲು ಹುಡುಗಿಯನ್ನು ಕೇಳಿದೆ: "ಯಾವ ವಿಷಯದಲ್ಲಿ ಮಾಡಬೇಕೆಂದಿದ್ದೀಯಮ್ಮ?"

"ಬಯೋಇನ್ಫರ್ಮ್ಯಾಟಿಕ್ಸ್, ತಾತ. ಆರ್‌ಎನ್‌ಎ ರಚನೆಯ ಮೇಲೆ."

ಮೂವತ್ತು ವರ್ಷ ನಾನು ಪಾಠ ಮಾಡಿದ ಆರ್‌ಎನ್‌ಎ ಒಂದು ವಾಕ್ಯದ್ದು. ಡಿಎನ್‌ಎ ಜೋಡಿ ಎಳೆ, ಆರ್‌ಎನ್‌ಎ ಒಂಟಿ ಎಳೆ, ಅದು ಸಂದೇಶ ಒಯ್ಯುತ್ತದೆ, ಮುಂದಿನ ಪ್ರಶ್ನೆ. ಹುಡುಗಿ ನಕ್ಕಳು. ನನ್ನಾಕೆ ಕನಕಾಂಬರ ಕಟ್ಟುತ್ತಿದ್ದ ದಾರದಿಂದ ಒಂದು ತುಂಡು ತೆಗೆದುಕೊಂಡು, ಬಿಗಿಯಾಗಿ ಹುರಿ ಮಾಡಿ, ಎರಡು ತುದಿಗಳನ್ನು ಹತ್ತಿರ ತಂದಳು. ದಾರ ತನ್ನ ಮೇಲೆ ತಾನೇ ಹೆಣೆದುಕೊಂಡಿತು. ದಾರಕ್ಕೆ ಹುರಿಯೇ ಕಾರಣ, ಆರ್‌ಎನ್‌ಎಗೆ ಅಕ್ಷರಗಳ ಸ್ನೇಹ ಕಾರಣ ಎಂದಳು. ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಎ ಯುವನ್ನು ಹಿಡಿಯುತ್ತದೆ, ಜಿ ಸಿಯನ್ನು ಹಿಡಿಯುತ್ತದೆ, ಕೆಲವೊಮ್ಮೆ ಜಿ ಯುವನ್ನೂ ಹಿಡಿಯುತ್ತದೆ. ಹೀಗೆ ಒಂಟಿ ಎಳೆಯೇ ಬಾಗಿ, ಅಲ್ಲಲ್ಲಿ ಜೋಡಿಯಾಗಿ, ನಡುವೆ ಕುಣಿಕೆಗಳಾಗಿ ಒಂದು ಆಕಾರ ತಾಳುತ್ತದೆ. ಆ ಆಕಾರದಿಂದಲೇ ಕೆಲಸ ಮಾಡುತ್ತದೆ. ಬಾಗಬಹುದಾದ ಬಗೆಗಳು ಎಣಿಕೆಗೆ ಮೀರಿದವಾದ್ದರಿಂದ ಅತಿ ಕಡಿಮೆ ಶಕ್ತಿಯ ಮಡಿಕೆ ಯಾವುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು. ೧೯೭೦ರ ದಶಕದ ಕೊನೆಯಿಂದ ಇದಕ್ಕೆ ಗಣಿತದ ವಿಧಾನಗಳು ಬಂದಿವೆ. ಪ್ರೋಟೀನುಗಳ ಆಕಾರವನ್ನು ಊಹಿಸಬಲ್ಲ ಆಲ್ಫಾಫೋಲ್ಡ್ ರೂಪಿಸಿದವರಿಗೆ ೨೦೨೪ರಲ್ಲಿ ನೊಬೆಲ್ ಬಂತು. ಆರ್‌ಎನ್‌ಎ ಮಾತ್ರ ಇನ್ನೂ ಅಷ್ಟು ಸುಲಭವಾಗಿ ಸಿಕ್ಕುತ್ತಿಲ್ಲ. ಕಂಪ್ಯೂಟರಿಗೆ ಕಲಿಸಲು ಬೇಕಾದಷ್ಟು ಮಾದರಿ ರಚನೆಗಳೇ ಕಡಿಮೆ. "ಅದಕ್ಕೇ ನನ್ನಂಥವರಿಗೆ ಇಲ್ಲಿ ಕೆಲಸ ಉಳಿದಿದೆ ತಾತ" ಎಂದಳು.

ಸುಮ್ಮನೆ ಕುಳಿತಿದ್ದ ತಂದೆ, "ಇದರಿಂದ ನಮ್ಮಂಥವರಿಗೇನು?" ಎಂದ. ಹುಡುಗಿ ಹೇಳಿದ್ದನ್ನು ನಾನೂ ಕಿವಿಗೊಟ್ಟು ಕೇಳಿದೆ. ರೇಷ್ಮೆ ಎಳೆಯ ಫೈಬ್ರಾಯಿನ್ ಎಂಬ ಪ್ರೋಟೀನಿನಲ್ಲಿ ಮುಕ್ಕಾಲು ಪಾಲಿನಷ್ಟು ಗ್ಲೈಸೀನ್ ಮತ್ತು ಅಲನೀನ್ ಇರುತ್ತವೆ. ಅವನ್ನು ಹೊತ್ತು ತರುವ ಕೂಲಿಯಾಳುಗಳೇ ಟಿ-ಆರ್‌ಎನ್‌ಎಗಳು. ನಾಲ್ಕನೇ ಜ್ವರ ಎದ್ದ ಹುಳು ಗೂಡು ಕಟ್ಟುವ ಹೊತ್ತಿಗೆ ಅದರ ರೇಷ್ಮೆ ಗ್ರಂಥಿಯಲ್ಲಿ ಈ ಎರಡು ಬಗೆಯ ಆಳುಗಳೇ ಹೆಚ್ಚಿಗೆ ಸೇರಿಕೊಂಡಿರುತ್ತಾರೆ. ಹುಳುವಿನ ಈ ಗ್ಲೈಸೀನ್ ಟಿ-ಆರ್‌ಎನ್‌ಎಯ ಜೀನುಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ವರ್ಷಗಟ್ಟಲೆ ಅಭ್ಯಾಸ ಮಾಡಿತ್ತಂತೆ. ಇಷ್ಟು ದಿನ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೊತ್ತವನ ಮುಖ ನೋಡಬೇಕಿತ್ತು!

ಆ ಸಂಸ್ಥೆಯಲ್ಲಿ ೧೯೭೧ರಲ್ಲಿ ಜಿ.ಎನ್. ರಾಮಚಂದ್ರನ್ ಅಣುಜೀವಭೌತ ವಿಭಾಗ ಕಟ್ಟಿದರು. ಅವರ ಶಿಷ್ಯೆ ಮಂಜು ಬನ್ಸಾಲ್ ಅಲ್ಲಿಯೇ ಡಿಎನ್‌ಎ ರಚನೆಯ ಸಂಶೋಧನೆ ನಡೆಸಿದರು. ಎಲೆಕ್ಟ್ರಾನಿಕ್ಸ್ ಸಿಟಿಯ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ಸ್ಥಾಪಕ ನಿರ್ದೇಶಕಿಯೂ ಆದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರವನ್ನು ಕಟ್ಟಿದವರು ಹೆಸರಿನ ಮೊದಲಲ್ಲೇ ಚಿಂತಾಮಣಿಯನ್ನು ಹೊತ್ತ ಸಿ.ಎನ್.ಆರ್. ರಾವ್. ಶಾಲೆಯ ಪ್ರಾರ್ಥನಾ ಸಭೆಯಲ್ಲಿ ರಾಯರ ಹೆಸರನ್ನು ನಾನೆಷ್ಟು ಸಲ ಹೆಮ್ಮೆಯಿಂದ ಹೇಳಿದ್ದೇನೋ! ಅಂಥ ಕಡೆ ಸೇರುವುದು ಹೇಗೆಂದು ಮಾತ್ರ ಒಂದು ಮಗುವಿಗೂ ಹೇಳಿಕೊಡಲಿಲ್ಲ.

ಮಕ್ಕಳು ಮೊಮ್ಮಕ್ಕಳಿರುವವರಿಗಾಗಿ ಇಷ್ಟು ಬರೆದಿಡುತ್ತೇನೆ. ಎಂ.ಎಸ್ಸಿ. ಆದವರು ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆಯಬಹುದು, ಗೇಟ್ ಪರೀಕ್ಷೆಯ ದಾರಿಯೂ ಇದೆ. ಬಿ.ಎಸ್ಸಿ. ಆದವರಿಗೆ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ. ೨೦೨೩ರ ಪರಿಷ್ಕರಣೆಯಂತೆ ಜೆ.ಆರ್.ಎಫ್. ಮೊದಲೆರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦. ಹಣ ಕೈಸೇರುವುದು ಕೆಲವೊಮ್ಮೆ ತಡವಾಗುತ್ತದೆ ಎಂದು ಹುಡುಗಿಯೇ ಹೇಳಿದಳು, ಅದನ್ನು ಮುಚ್ಚಿಡುವುದಿಲ್ಲ. ಪಿಎಚ್.ಡಿ. ಮುಗಿದೊಡನೆ ಕಾಯಂ ಕೆಲಸ ಕಾದು ಕುಳಿತಿರುವುದಿಲ್ಲ ಎಂಬುದೂ ನಿಜ.

ಹುಡುಗಿಗೆ ಜೆ.ಆರ್.ಎಫ್. ಆಗಲೇ ಸಿಕ್ಕಿತ್ತು. ಆ ಕಾಗದವನ್ನು ಅಪ್ಪನಿಗೆ ಸರಿಯಾಗಿ ತೋರಿಸಿಯೇ ಇರಲಿಲ್ಲ. ಅವನು ಅದನ್ನು ದೀಪದ ಬೆಳಕಿಗೆ ಹಿಡಿದು ಎರಡು ಸಲ ಓದಿದ.

"ಇದು ಆವಾಗಲೂ ಇತ್ತಾ ಸಾರ್?"

"ಇತ್ತಪ್ಪ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು."

ಅವನು ಏನೂ ಹೇಳಲಿಲ್ಲ. ನನ್ನಾಕೆ ಕೊಟ್ಟ ಕಾಫಿ ಕುಡಿದು, "ನಾಳೆ ಹುಳ ಜ್ವರ ಏಳ್ತವೆ, ಬೆಳಿಗ್ಗೇನೇ ಸೊಪ್ಪು ಕೊಯ್ಯಬೇಕು" ಎಂದು ಎದ್ದ. ಬೈಕು ಶುರುವಾಯಿತು. ಗೇಟಿನ ಬಳಿ ಅವನು ತಲೆ ತಿರುಗಿಸಿ ಮಗಳನ್ನು ಕೇಳಿದ್ದು ನನಗೆ ಕೇಳಿಸಿತು:

"ಇಂಟರ್‌ವ್ಯೂ ಯಾವತ್ತು ಅಂದೆ?"